ಮೂವರು ಹೆಣ್ಣುಮಕ್ಕಳ ತಟ್ಟೆ

ಪುಸ್ತಕ ಬರೆದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆದರೆ ಎಷ್ಟು ಜನ ಓದಿದ್ದಾರೆ ಎಂಬ ವಿಷಯಕ್ಕೆ ಬಂದರೆ ಅವರಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಾರರು. ಅರಸೀಕೆರೆಯಿಂದ ಬೀರೂರಿಗೋ ತಿಪಟೂರಿಗೋ ರೈಲಿನಲ್ಲಿ ಹೋದವರು, ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿನ್ನುತ್ತ ಬಸ್ಸಿಗೆ ಕಾದವರು, ಹಳೇಬೀಡಿನ ಗುಡಿಯ ಮುಂದೆ ಚಪ್ಪಲಿ ಎಲ್ಲಿ ಬಿಡುವುದೆಂದು ಯೋಚಿಸುತ್ತ ನಿಂತವರು, ಎಲ್ಲರೂ ನನ್ನನ್ನು ಓದಿದ್ದಾರೆ. ಮೊದಮೊದಲು ಓದಿದವರು ಕಣ್ಣೊರೆಸಿಕೊಂಡರು. ಆಮೇಲೆ ಓದಿದವರು ನಕ್ಕರು. ನಾನು ಬರೆದದ್ದು ಒಂದೇ ವಾಕ್ಯ, ಅದರ ಕೆಳಗೆ ನನ್ನ ಹೆಸರೂ ಇರಲಿಲ್ಲ.

ಆ ವಾಕ್ಯ ಮೊನ್ನೆ ಮತ್ತೆ ನನ್ನ ತೊಡೆಯ ಮೇಲೆ ಬಂದು ಬಿತ್ತು. ತಿಪಟೂರಿನಲ್ಲಿ ಭಾವಮೈದುನನ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ವಾಪಸು ಬರುತ್ತಿದ್ದೆವು. ಹೆಂಗಸೊಬ್ಬಳು ಮಾತಿಲ್ಲದೆ ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಹಳದಿ ಕಾರ್ಡು ಇಡುತ್ತ ಹೋದಳು. ನಿಮಗೂ ಗೊತ್ತಿರುತ್ತದೆ. ಬೋಗಿಯ ಆ ತುದಿಯವರೆಗೆ ಹಂಚಿ, ವಾಪಸು ಬರುವಾಗ ಕಾರ್ಡನ್ನೂ ಕಾಸನ್ನೂ ಎತ್ತಿಕೊಂಡು ಹೋಗುತ್ತಾರೆ. ಆ ನಡುವಿನ ಐದು ನಿಮಿಷ ಎಲ್ಲರಿಗೂ ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನೋ ಕಾಣಿಸತೊಡಗುತ್ತದೆ. ನಾನು ಮಾತ್ರ ಕಾರ್ಡು ನೋಡಿದೆ. ಪ್ರೆಸ್ಸಿನವನ ಮಗನಿಗೆ ಅಚ್ಚಾದದ್ದು ಏನು ಸಿಕ್ಕರೂ ಮೊದಲು ಅಕ್ಷರ ನೋಡುವ ಚಾಳಿ. ಕಂಪ್ಯೂಟರಿನ ಅಕ್ಷರ, ಮೇಲೆ ಯಾವುದೋ ದೇವರ ಚಿತ್ರ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಹೀಗಿತ್ತು: “ತಾವು ನೀಡುವ ಒಂದೊಂದು ರೂಪಾಯಿಯೂ ನನ್ನ ಮೂವರು ಹೆಣ್ಣುಮಕ್ಕಳ ತಟ್ಟೆಯಲ್ಲಿ ಒಂದೊಂದು ತುತ್ತಾಗುತ್ತದೆ.”

ನನ್ನದೇ. ಒಂದಕ್ಷರವೂ ಬದಲಾಗಿಲ್ಲ. ನಮ್ಮ ಪ್ರೆಸ್ಸು ಮುಚ್ಚಿ, ಅಚ್ಚಿನ ಮೊಳೆಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿ ಕೆಲವು ವರ್ಷಗಳೇ ಆದವು, ಈ ವಾಕ್ಯ ಮಾತ್ರ ಸಾಯಲಿಲ್ಲ. ಅವಳು ವಾಪಸು ಬಂದಾಗ ಕಾರ್ಡು ಕೊಟ್ಟೆ, ಕಾಸು ಕೊಡಲಿಲ್ಲ. ನನ್ನ ಹೆಂಡತಿ ಅವಳ ಕೈಗೆ ಎರಡು ರೂಪಾಯಿ ಹಾಕಿ, “ಒಂದು ರೂಪಾಯಿ ಕೊಟ್ರೆ ನಿಮ್ಮ ಗಂಟೇನು ಹೋಗ್ತಿತ್ರೀ” ಎಂದಳು. ಹೆಂಡತಿಗೆ ಏನು ಹೇಳಲಿ? ಮನೆಯಲ್ಲಿ ಯಾರಿಗೂ ಹೇಳದೆ ಇಷ್ಟು ವರ್ಷ ಕಳೆದಿದ್ದೇನೆ. ನಿಮಗೆ ಹೇಳಬಹುದು, ನೀವು ನಾಳೆ ಬೆಳಿಗ್ಗೆ ಎದುರಿಗೆ ಕೂತು ಕಾಫಿ ಕುಡಿಯುವವರಲ್ಲ.

ಅರಸೀಕೆರೆಯ ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು ಇತ್ತು. ಕಾಲಲ್ಲಿ ತುಳಿಯುವ ಒಂದು ಯಂತ್ರ, ಸೀಸದ ಮೊಳೆಗಳನ್ನು ತುಂಬಿದ ಮರದ ಖಾನೆಗಳು, ಗೋಡೆಗೂ ಅನ್ನಕ್ಕೂ ಹತ್ತಿದ್ದ ಸೀಮೆಎಣ್ಣೆಯ ವಾಸನೆ. ತೆಂಗಿನಕಾಯಿ ಮಂಡಿಯವರ ಬಿಲ್ಲು, ಮದುವೆಯ ಕರೆಯೋಲೆ, ತಿಥಿಯ ಕಾರ್ಡು ಇಷ್ಟೇ ನಮ್ಮ ಸಾಹಿತ್ಯ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ನಾನು ಮೊದಲು ಕಲಿತದ್ದು ಆ ಅಕ್ಷರಗಳನ್ನು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಎಲ್ಲವನ್ನೂ ತಿರುಗಿಸಿ ಬರೆದು ಮೇಷ್ಟ್ರ ಕೈಲಿ ಹೊಡೆತ ತಿಂದೆ. ಅಪ್ಪ ಶಾಲೆಗೆ ಬಂದು, “ಅವನು ಬರೆದದ್ದು ಸರಿಯಾಗೇ ಇದೆ ಮೇಷ್ಟ್ರೇ, ಮಸಿ ಹಚ್ಚಿ ಒತ್ತಿ ನೋಡಿ” ಎಂದರಂತೆ.

ಬೇಡಲು ಬಂದವರನ್ನು ಅಪ್ಪ ಅಳೆಯುತ್ತಿದ್ದದ್ದೂ ಅಚ್ಚಿನಿಂದಲೇ. ಕಾವಿ ಉಟ್ಟವರು, ಅನಾಥ ಮಕ್ಕಳ ಹೆಸರು ಹೇಳಿ ಡಬ್ಬಿ ಕುಲುಕುವವರು, ಯಾರು ಬಂದರೂ ಮುಖ ನೋಡುತ್ತಿರಲಿಲ್ಲ. “ರಸೀತಿ ಪುಸ್ತಕ ಕೊಡಿ ಇಲ್ಲಿ” ಎನ್ನುತ್ತಿದ್ದರು. ಕಾಗದವನ್ನು ಬೆರಳಲ್ಲಿ ಉಜ್ಜಿ, ನಂಬರು ಇದೆಯೋ ಇಲ್ಲವೋ ನೋಡಿ, ಆಮೇಲೆ ತೀರ್ಮಾನ. ಒಮ್ಮೆ ಒಬ್ಬ ಬಸವಣ್ಣನ ಗುಡಿಯ ಜೀರ್ಣೋದ್ಧಾರಕ್ಕೆಂದು ಬಂದ. ಅಪ್ಪ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಈ ಶ್ರೀಗೆ ತಲೆ ಒಡೆದಿದೆಯಲ್ಲ” ಎಂದರು. ತಲೆ ಒಡೆದ ಶ್ರೀಯ ಮೊಳೆ ಇದ್ದದ್ದು ನಮ್ಮ ಖಾನೆಯಲ್ಲೇ. ಆ ಆಸಾಮಿ ಒಂದೇ ವರ್ಷದಲ್ಲಿ ಮೂರು ಊರಿನ ಬಸವಣ್ಣನ ಹೆಸರಲ್ಲಿ ನಮ್ಮಲ್ಲೇ ಮೂರು ಪುಸ್ತಕ ಅಚ್ಚು ಹಾಕಿಸಿಕೊಂಡಿದ್ದ, ಮರೆತು ನಮ್ಮಲ್ಲಿಗೇ ಬೇಡಲು ಬಂದಿದ್ದ. “ಇದು ಯಾವೂರ ಬಸವಣ್ಣನಪ್ಪ?” ಎಂದು ಅಪ್ಪ ಕೇಳಿದರೆ, ಅವನು ಒಂದಿಷ್ಟೂ ಅಳುಕದೆ, “ಎಲ್ಲಾ ಒಬ್ನೇ ಅಲ್ವಾ ಯಜಮಾನ್ರೇ” ಎಂದ. ಅಪ್ಪ ಎರಡು ರೂಪಾಯಿ ಕೊಟ್ಟು ಕಳಿಸಿದರು. ಒಳಗಿನಿಂದ ಅಮ್ಮ ಗೊಣಗಿದ್ದಕ್ಕೆ, “ಗಿರಾಕಿ ಕಣೇ, ಮುಂದಿನ ವರ್ಷವೂ ಬರ್ತಾನೆ” ಎಂದು ಸಮಾಧಾನ ಹೇಳಿದರು.

ಅಜ್ಜಿಯದು ಬೇರೆಯೇ ದಾರಿ. ಮಾಲೇಕಲ್ಲಿನ ಬೆಟ್ಟ ಹತ್ತುವಾಗ ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು ಕಟ್ಟಿಕೊಂಡು, ಮೆಟ್ಟಿಲಿನ ಬದಿ ಕೂತವರಿಗೆಲ್ಲ ಹಾಕುತ್ತ ಹೋಗುತ್ತಿದ್ದಳು. ಒಂದು ಸಲ ಕಪ್ಪು ಕನ್ನಡಕದ ಕುರುಡನೊಬ್ಬ ಕಾಸನ್ನು ಎತ್ತಿ ನೋಡಿ, “ಅಜ್ಜೀ, ಇದು ಸವ್ದೋಗೈತೆ, ಬೇರೆ ಕೊಡಿ” ಎಂದ. ನಾನು ಅಜ್ಜಿಯ ಸೆರಗು ಜಗ್ಗಿ, “ಅವನಿಗೆ ಕಣ್ಣು ಕಾಣುತ್ತೆ” ಎಂದು ಪಿಸುಗುಟ್ಟಿದೆ. ಅಜ್ಜಿ ಬೇರೆ ಕಾಸು ಕೊಟ್ಟು, ನಾಲ್ಕು ಮೆಟ್ಟಿಲು ಹತ್ತಿದ ಮೇಲೆ, “ಕಾಣ್ಲಿ ಬಿಡೋ, ಒಳ್ಳೇದೇ ಆಯ್ತಲ್ಲ” ಎಂದಳು. ಅವಳಿಗೆ ಆ ಶಕ್ತಿ ಎಲ್ಲಿಂದ ಬಂದಿತ್ತೋ. ನಮ್ಮ ಮನೆಯಲ್ಲಿ ಅದು ಅವಳ ಜೊತೆಗೇ ಹೋಯಿತು.

ಇಲ್ಲಿ ಪ್ರೆಸ್ಸಿನ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಒಂದೊಂದೇ ಮೊಳೆ ಹೆಕ್ಕಿ ಸಾಲು ಜೋಡಿಸುವುದು ಬೆನ್ನು ಮುರಿಯುವ ಕೆಲಸ. ಅದಕ್ಕೆ ಪದೇ ಪದೇ ಬೇಕಾಗುವ ಒಕ್ಕಣೆಗಳನ್ನು ಬಿಚ್ಚದೆ, ಹಾಗೇ ದಾರ ಸುತ್ತಿ ಹಲಗೆಯ ಮೇಲೆ ಇಟ್ಟುಬಿಡುತ್ತಿದ್ದೆವು. ಮದುವೆಯದೊಂದು ಕಟ್ಟು, ನಾಮಕರಣದ್ದೊಂದು, ತಿಥಿಯದೊಂದು. ಗಿರಾಕಿ ಬಂದರೆ ಕಟ್ಟು ಇಳಿಸಿ, ಹಳೆಯ ಹೆಸರು ಕಿತ್ತು ಹೊಸ ಹೆಸರು ಕೂರಿಸಿದರೆ ಕೆಲಸ ಮುಗಿಯಿತು. ನಮ್ಮ ತಾಲ್ಲೂಕಿನ ಅರ್ಧ ಜನ ಒಂದೇ ಒಕ್ಕಣೆಯಲ್ಲಿ ಮದುವೆಯಾಗಿ ಒಂದೇ ಒಕ್ಕಣೆಯಲ್ಲಿ ತೀರಿಕೊಂಡಿದ್ದಾರೆ. ಅಚಾತುರ್ಯವೂ ಆಗುತ್ತಿತ್ತು. ಒಮ್ಮೆ ನಾನು ಎರಡು ಕಟ್ಟು ಕಲಸಿ, ಹಿರಿಯರೊಬ್ಬರ ತಿಥಿಯ ಕಾರ್ಡಿನ ಕೆಳಗೆ “ಆಶೀರ್ವಾದವೇ ಉಡುಗೊರೆ” ಎಂದು ಉಳಿಸಿಬಿಟ್ಟಿದ್ದೆ. ತಿಥಿ ಮುಗಿದ ಮೇಲೆ ಮಗ ಬಂದು, “ಪರವಾಗಿಲ್ಲ ಬಿಡಿ, ಹೆಂಗೂ ಯಾರೂ ಏನೂ ತರ್ಲಿಲ್ಲ” ಎಂದ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ, ಕೆಲಸ ಸಿಗದೆ, ಅಪ್ಪನ ಯಂತ್ರ ತುಳಿಯುತ್ತ, ಒಳಗೊಳಗೇ ಕವಿಯಾಗಿದ್ದೆ. ವಾರಪತ್ರಿಕೆಗಳಿಗೆ ಕಳಿಸಿದ ಪದ್ಯಗಳೆಲ್ಲ, ನಾನೇ ಅಂಚೆಚೀಟಿ ಹಚ್ಚಿ ಇಟ್ಟ ಲಕೋಟೆಯಲ್ಲಿ ತಪ್ಪದೆ ಮನೆಗೆ ಮರಳುತ್ತಿದ್ದವು. ಅಂಥ ದಿನಗಳಲ್ಲಿ ಒಬ್ಬ ಬಂದ. ಬಂದವನು ಬಾಗಿಲಲ್ಲೇ ಮಾತು ಶುರು ಮಾಡಿ, ಸೆಕೆ, ಕೊಬ್ಬರಿಯ ರೇಟು, ನಮ್ಮೂರ ನೀರು, ಎಲ್ಲ ಮುಗಿಸಿ, ಜೇಬಿನಿಂದ ಮಾಸಿದ ಒಂದು ಕಾರ್ಡು ತೆಗೆದು, “ಇದ್ರಂಗೇ ಐನೂರು ಹೊಡ್ಕೊಡಿ” ಎಂದ. ಓದಿದೆ. ಹುಟ್ಟು ಮೂಗನೊಬ್ಬ ಸಹಾಯ ಬೇಡುವ ಕಾರ್ಡು.

“ಯಾರಿಗಪ್ಪ ಇದು?” ಎಂದೆ.

“ನಂಗೇ ಕಣ್ರೀ. ಯಾಕೆ, ಮೂಗನ ಥರ ಕಾಣಲ್ವಾ?”

“ಇಷ್ಟೊಂದು ಮಾತಾಡ್ತೀಯಲ್ಲ.”

“ಅದು ಗಾಡಿ ಹತ್ತೋಗಂಟ. ಹತ್ತಿದ್ ಮೇಲೆ ನನ್ ಬಾಯಿಂದ ಒಂದ್ ಮಾತು ಬಂದ್ರೆ ಕೇಳಿ.”

ಮೂಗನಾಗುವ ಖರ್ಚಿನ ಬಗ್ಗೆ ಅರ್ಧ ಗಂಟೆ ಚೌಕಾಶಿ ಮಾಡಿದ. ಅವನ ಹಳೆಯ ಕಾರ್ಡಿನ ಕನ್ನಡ ಬಲು ಕೆಟ್ಟದಾಗಿತ್ತು. “ನನಗೆ ಕಷ್ಟ ಇದೆ, ಮಕ್ಕಳು ಇದ್ದಾರೆ” ಎಂದು ಒಣಒಣ. ನನ್ನೊಳಗಿನ ಕವಿ ಎದ್ದು ಕೂತ. ಅಲ್ಲೇ ಒಂದು ಚೀಟಿಯ ಹಿಂದೆ ಆ ತಟ್ಟೆಯ ವಾಕ್ಯ ಬರೆದು ಓದಿ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

“ಭಾರೀ ಆಗೈತೆ ಸ್ವಾಮಿ. ನಂಗಿನ್ನೂ ಮದ್ವೇನೇ ಆಗಿಲ್ಲ, ಆದ್ರೂ ಕೇಳಿದ್ರೆ ಹೊಟ್ಟೆ ಉರೀತದೆ. ಎಲ್ಡು ಹೆಣ್ಮಕ್ಕಳು ಸಾಲ್ವಾ?”

“ಮೂರು ಇರ್ಲಿ, ಓದೋಕೆ ಚೆನ್ನಾಗಿರುತ್ತೆ” ಎಂದೆ.

ಮೋಸವೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ನನ್ನ ಬರಹವನ್ನು ಮೆಚ್ಚಿ, ದುಡ್ಡು ಕೊಟ್ಟು, ಐನೂರು ಪ್ರತಿ ಮಾಡಿಸಿದ ಮೊದಲ ಮನುಷ್ಯ ಅವನು. ಕೆಲವು ದಿನಗಳ ಮೇಲೆ ಬೀರೂರಿನ ಗಾಡಿಯಲ್ಲಿ ಅವನನ್ನು ಕಂಡೆ. ನನ್ನ ಎದುರಿಗೆ ಕೂತ ಮುದುಕಿಯೊಬ್ಬರು ಮೊಮ್ಮಗಳ ಕೈಲಿ ಕಾರ್ಡು ಓದಿಸಿ, ತಟ್ಟೆ ತುತ್ತು ಎಂಬಲ್ಲಿಗೆ ಬರುವಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಕ್ಷಣದ ನನ್ನ ಹೆಮ್ಮೆಯನ್ನು ಏನೆಂದು ಹೇಳಲಿ, ನನ್ನ ಪದ್ಯಕ್ಕೆ ಯಾರೂ ಅತ್ತಿರಲಿಲ್ಲ. ಅವನು ನನ್ನ ಮುಂದೆಯೂ ಬಂದು ಕೈ ಚಾಚಿದ. ನಾನೂ ಕೊಟ್ಟೆ. ಎದೆ ಮುಟ್ಟಿಕೊಂಡು, ಗಂಟಲಲ್ಲಿ ಏನೋ ಸದ್ದು ಮಾಡಿ, ಮೂಗನಾಗಿಯೇ ಮುಂದೆ ಹೋದ.

ಅಲ್ಲಿಂದ ಮುಂದೆ ಅವನ ಬಳಗದವರೆಲ್ಲ ನಮ್ಮಲ್ಲಿಗೇ ಬಂದರು. ಒಬ್ಬನಿಗೆ ಕಣ್ಣಿಲ್ಲ, ಒಬ್ಬನ ಮನೆ ಪ್ರವಾಹದಲ್ಲಿ ಹೋಗಿದೆ, ಒಬ್ಬನಿಗೆ ಎರಡೂ. ಕಷ್ಟದ ಸಾಲುಗಳನ್ನು ಬದಲಾಯಿಸುತ್ತಿದ್ದೆ, ಮೂವರು ಹೆಣ್ಣುಮಕ್ಕಳು ಮಾತ್ರ ಎಲ್ಲರಿಗೂ ಇದ್ದರು. ಆ ಕಟ್ಟೂ ದಾರ ಸುತ್ತಿಸಿಕೊಂಡು ಮದುವೆ, ತಿಥಿಗಳ ಪಕ್ಕದಲ್ಲಿ ಕೂತಿತು. ನಾಲ್ಕೈದು ವರ್ಷಗಳಲ್ಲಿ ಜನಕ್ಕೆ ಗೊತ್ತಾಗಿಹೋಯಿತು. ಗೊತ್ತಾಗದೆ ಏನು, ಬೆಳಿಗ್ಗೆ ಅರಸೀಕೆರೆಯಲ್ಲಿ ಕುರುಡನಾಗಿದ್ದವನು ಸಂಜೆ ಹಳೇಬೀಡಿನ ಹೋಟೆಲಿನಲ್ಲಿ ಪೇಪರು ಓದುತ್ತ ಟೀ ಕುಡಿಯುತ್ತಿದ್ದ. ಕಾಲೇಜಿನವರು ನನ್ನ ವಾಕ್ಯವನ್ನು ರಾಗವಾಗಿ ಹೇಳಿ ಒಬ್ಬರ ಮುಂದೊಬ್ಬರು ಕೈ ಚಾಚುತ್ತಿದ್ದರು. ಬೇಲೂರಿನ ಬಸ್ಸಿನಲ್ಲಿ ಒಬ್ಬ ಕಂಡಕ್ಟರು ಚಿಲ್ಲರೆ ಕೊಡದೆ, “ನಿಮ್ಮ ಎಂಟಾಣೆ ನನ್ನ ಮೂವರು ಹೆಣ್ಣುಮಕ್ಕಳ ತಟ್ಟೆಗೆ” ಎಂದಾಗ ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಒಳಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಇಷ್ಟು ಹೊತ್ತು ಅಜ್ಜಿ, ಅಪ್ಪ, ಕಂಡಕ್ಟರು ಎಂದು ಸುತ್ತಿ ಬಳಸಿ ಬಂದದ್ದು ಮುಂದಿನದಕ್ಕೆ ಬರಲು ಮನಸ್ಸಿಲ್ಲದೆ. ಇನ್ನು ಹೇಳಿಬಿಡುತ್ತೇನೆ.

ಕಂಡಕ್ಟರು ಹಾಗೆಂದ ವರ್ಷದ ವೈಶಾಖ. ಮುಹೂರ್ತಗಳ ಮೇಲೆ ಮುಹೂರ್ತ. ಅಪ್ಪ ಕಾಗದ ತರಲು ಬೆಂಗಳೂರಿಗೆ ಹೋಗಿದ್ದರು. ಬೆಂಚಿನ ಮೇಲೆ ಮದುವೆಯ ಮನೆಯವರು ಕರೆಯೋಲೆಗೆ ಕಾದು ಕೂತಿದ್ದರು. ಆಗ ನಿಂಗಯ್ಯ ಬಂದ. ಬೇಲೂರಿನಾಚೆ ಬಿಕ್ಕೋಡಿನ ಹತ್ತಿರದ ಕಾಫಿ ತೋಟವೊಂದರ ಕೂಲಿಯವನು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನು. ಆರು ವರ್ಷದ ಮಗಳಿಗೆ ಹೃದಯದಲ್ಲಿ ತೂತು, ಮಳೆಗಾಲಕ್ಕೆ ಮೊದಲು ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು. ಆಸ್ಪತ್ರೆಯವರು ಒಂದಷ್ಟು ಬಿಡುತ್ತಾರೆ, ಉಳಿದದ್ದನ್ನು ಅವನೇ ಹೊಂದಿಸಬೇಕು. ಬಾಯಲ್ಲಿ ಹೇಳಿದರೆ ಜನ ನಿಲ್ಲುವುದಿಲ್ಲ, ಒಂದು ಕಾರ್ಡು ಅಚ್ಚು ಹಾಕಿಸಿಕೋ ಎಂದು ಆಸ್ಪತ್ರೆಯ ಕಾಂಪೌಂಡರ್ ಒಬ್ಬ ಹೇಳಿ ಕಳಿಸಿದ್ದ.

ನಾನು ಅವನ ಮುಖ ನೋಡಲಿಲ್ಲ. ಅಪ್ಪನ ಮಗನಾದ್ದರಿಂದ ಡಾಕ್ಟರ ಕಾಗದ ಕೇಳಿದೆ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಕೊಟ್ಟ. ಒಳ್ಳೆಯ ಅಚ್ಚು, ಮೊಹರು, ಸಹಿ ಎಲ್ಲ ಸರಿಯಾಗಿತ್ತು. ನನ್ನ ಹತ್ತಿರ ಆ ಐದಾರು ವರ್ಷಗಳಲ್ಲಿ ಕಾರ್ಡು ಮಾಡಿಸಿದವರಲ್ಲಿ ನಿಜವಾದವನು ಇವನೊಬ್ಬನೇ ಎಂದು ಅಲ್ಲೇ ತಿಳಿಯಿತು. “ಕೂತ್ಕೋ ನಿಂಗಯ್ಯ, ಈಗ್ಲೇ ಮಾಡ್ಕೊಡ್ತೀನಿ” ಎಂದೆ. ಅವನು ಮಗಳ ವಿಷಯ ಏನೇನೋ ಹೇಳುತ್ತಿದ್ದ. ನಾನು ಹ್ಞೂಂ ಹ್ಞೂಂ ಎನ್ನುತ್ತ ಹಲಗೆಯ ಮೇಲಿನ ಕಟ್ಟು ಇಳಿಸಿದೆ.

ಮೂಗನ ಸಾಲುಗಳನ್ನು ಕಿತ್ತೆ. ಹೃದಯದ ಸಾಲು ಜೋಡಿಸಿದೆ. ಹೆಸರು, ಊರು ಕೂರಿಸಿದೆ. ತಟ್ಟೆಯ ವಾಕ್ಯದ ಮೇಲೆ ಬಂದಾಗ ಕೈ ನಿಂತಿತು. ಆಪರೇಷನ್ನಿಗೂ ತಟ್ಟೆಗೂ ಏನು ಸಂಬಂಧ? ಅದನ್ನು ಕಿತ್ತರೆ ಹೊಸದಾಗಿ ಮೂರು ಸಾಲು ಬರೆದು ಜೋಡಿಸಬೇಕು, ಬೆಂಚಿನ ಮೇಲಿನವರು ಗಡಿಯಾರ ನೋಡುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿದ್ದದ್ದು ಅದೊಂದೇ. ನಿನಗೆ ಎಷ್ಟು ಮಕ್ಕಳು ಎಂದು ಅವನನ್ನು ನಾನು ಕೇಳಲಿಲ್ಲ. ಕೇಳಿದ್ದರೆ ತೆಗೆಯಬೇಕಾಗುತ್ತಿತ್ತು.

ಮದುವೆ ಕಾರ್ಡು ಕತ್ತರಿಸಿ ಉಳಿದ ದಪ್ಪ ಕಾಗದದಲ್ಲಿ ಹೊಡೆದುಕೊಟ್ಟೆ. ಕೂಲಿ ಬೇಡ, ಕಾಗದದ ದುಡ್ಡು ಸಾಕು ಎಂದೆ. ಹಾಗೆಂದಾಗ ಎದೆ ಸ್ವಲ್ಪ ಉಬ್ಬಿಯೂ ಇತ್ತು. ನಿಂಗಯ್ಯ ಮೇಲಿನ ಕಾರ್ಡೊಂದನ್ನು ಕಣ್ಣಿಗೊತ್ತಿಕೊಂಡು, “ನಂಗೆ ಓದಾಕ್ ಬರಾಕಿಲ್ಲ ಸ್ವಾಮಿ. ನೀವು ಬರ್ದದ್ದು ಸರಿಯಾಗೇ ಇರ್ತದೆ” ಎಂದ.

ಎಂಟು ಹತ್ತು ದಿನ ಕಳೆದಿರಬೇಕು. ಕರೆಯೋಲೆಗಳ ಗಂಟು ತಲುಪಿಸಲು ಬೇಲೂರಿಗೆ ಹೋಗಿದ್ದೆ. ದೇವಸ್ಥಾನದ ಮುಂದೆ ಯಾವುದೋ ಊರಿನಿಂದ ಬಂದ ಟೂರಿಸ್ಟ್ ಬಸ್ಸು ನಿಂತಿತ್ತು. ಇಳಿದವರ ನಡುವೆ ನಿಂಗಯ್ಯ ನಿಂತಿದ್ದ, ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ. ಪ್ಯಾಂಟಿನವರೊಬ್ಬರು ಕಾರ್ಡು ಓದಿ, ಪಕ್ಕದವರಿಗೆ ತೋರಿಸಿ, ಇಬ್ಬರೂ ನಗತೊಡಗಿದ್ದರು.

“ಎಷ್ಟು ಜನ ಹೆಣ್ಮಕ್ಕಳಯ್ಯ ನಿನಗೆ?” ಎಂದರು ಅವರು.

“ಒಬ್ಳೇ ಸ್ವಾಮಿ” ಎಂದ ನಿಂಗಯ್ಯ.

ಅವರ ನಗು ಜೋರಾಯಿತು. ನಿಜ ಹೇಳಿ ಸಿಕ್ಕಿಬಿದ್ದವನನ್ನು ನಾನು ನೋಡಿದ್ದು ಅದೇ ಮೊದಲು. ಅವನಿಗೆ ಏನೂ ಅರ್ಥವಾಗದೆ, ತಾನೂ ಒಂದಿಷ್ಟು ನಕ್ಕು, ಪ್ಲಾಸ್ಟಿಕ್ ಚೀಲದಿಂದ ಡಾಕ್ಟರ ಕಾಗದ ತೆಗೆಯಲು ಹೋದ. “ಇಟ್ಕೋ ಇಟ್ಕೋ, ನಿನ್ನಂಥೋರ್ನ ಬೇಕಾದಷ್ಟು ನೋಡಿದ್ದೀವಿ” ಎಂದು ಅವರು ಕಾರ್ಡನ್ನು ಅವನ ಅಂಗಿಯ ಜೇಬಿಗೆ ತುರುಕಿ ಒಳಗೆ ಹೋದರು. ಅವನು ಅದನ್ನು ತೆಗೆದು, ಮಡಿಕೆ ನೀವಿ, ಮುಂದಿನವರಿಗೆ ಕೊಟ್ಟ.

ನಾನು ಚಪ್ಪಲಿ ಕಾಯುವವನ ಪಕ್ಕದಲ್ಲಿ ನಿಂತಿದ್ದೆ. ಹತ್ತು ಹೆಜ್ಜೆ ಹೋಗಿ, ಇದನ್ನು ಬರೆದವನು ನಾನು, ತಪ್ಪು ನನ್ನದು, ಇವನು ಹೇಳುವುದು ನಿಜ ಎಂದರೆ ಆಗುತ್ತಿತ್ತು. ಹಾಗಾದರೆ ಉಳಿದವರದ್ದನ್ನೂ ಬರೆದವನು ನೀನೇನಾ ಎಂದು ಅವರು ಕೇಳುತ್ತಿದ್ದರು. ನಾಳೆಯೇ ಹೊಸ ಕಾರ್ಡು ಹೊಡೆದು ಬಿಕ್ಕೋಡಿಗೆ ನಾನೇ ಕೊಂಡೊಯ್ದು ಕೊಡುತ್ತೇನೆ ಎಂದು ನಿಶ್ಚಯ ಮಾಡಿಕೊಂಡು, ಅವನ ಕಣ್ಣಿಗೆ ಬೀಳದ ಹಾಗೆ ಬಸ್ ಸ್ಟ್ಯಾಂಡಿಗೆ ಹೋದೆ. ಆ ವಾರ ಮುಹೂರ್ತಗಳು ಜಾಸ್ತಿ ಇದ್ದವು. ಅದರ ಮುಂದಿನ ವಾರವೂ ಇದ್ದವು.

ಅಂದಿನಿಂದ ಇಂದಿನವರೆಗೆ ನನಗೆ ಕೊಡಲೂ ಬರುವುದಿಲ್ಲ, ಇಲ್ಲವೆನ್ನಲೂ ಬರುವುದಿಲ್ಲ. ಕೈ ಚಾಚಿದವನಿಗೆ ಕಾಸು ಹಾಕಿದರೆ ಆ ಮಾತಿನ ಮೂಗನಿಗೇ ಹಾಕಿದೆನೇನೋ ಎನಿಸುತ್ತದೆ. ಹಾಕದೆ ಬಂದರೆ ನಿಂಗಯ್ಯನ ಜೇಬಿಗೆ ಕಾರ್ಡು ತುರುಕಿ ಬಂದ ಹಾಗೆ ಆಗುತ್ತದೆ. ಇಬ್ಬರನ್ನೂ ಬೇರೆ ಮಾಡಿ ನೋಡುವ ಕಣ್ಣು ಈ ಕಡೆಯ ಜನಕ್ಕೆ ಒಂದಿಷ್ಟು ಇತ್ತೋ ಏನೋ, ಅದನ್ನು ಕಳೆದವರಲ್ಲಿ ನಾನೂ ಒಬ್ಬ. ಇದಕ್ಕೆ ಪರಿಹಾರವಿದೆ ಎಂದು ನನಗೆ ಅನ್ನಿಸುವುದಿಲ್ಲ. ವಯಸ್ಸಾದ ಹಾಗೆ ಸರಿಹೋಗುತ್ತದೆ ಎಂದುಕೊಂಡಿದ್ದೆ, ಅದೂ ಆಗಲಿಲ್ಲ.

ಆ ವರ್ಷದ ಆಷಾಢ ಬಂತು. ಮದುವೆಗಳಿಲ್ಲದ ತಿಂಗಳು, ಪ್ರೆಸ್ಸಿನಲ್ಲಿ ನಾನೊಬ್ಬನೇ ಕೂತಿದ್ದೆ. ಜಿನುಗು ಮಳೆ. ನಿಂಗಯ್ಯ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಂದು ಬಾಗಿಲ ಹೊರಗೇ ನಿಂತ. ಒಳಗೆ ಕರೆದೆ. ಪ್ಲಾಸ್ಟಿಕ್ ಸುತ್ತಿದ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟ. ಒಂದೂ ನೆನೆದಿರಲಿಲ್ಲ.

“ಮಗು ಹೋಯ್ತು ಸ್ವಾಮಿ” ಎಂದ. “ಇವು ಉಳ್ಕಂಡಿದ್ವು. ಕಾಗ್ದ ಗಟ್ಟಿ ಐತೆ, ಒಂದ್ ಮಗ್ಗುಲು ಖಾಲಿ ಐತೆ. ನಿಮ್ಗಾದ್ರೂ ಆಯ್ತದೆ ಅಂತ ತಂದೆ.”

ಕೂತ್ಕೋ ಎಂದೆ. ಅವನು ಕೂರಲಿಲ್ಲ.

“ಒಂದ್ ಕೇಳ್ಬೇಕಿತ್ತು ಸ್ವಾಮಿ. ಇದ್ರಾಗೆ ಮಗೀನ ವಿಚಾರ ಏನ್ ಬರ್ದವ್ರೆ ಅಂತ ನಮ್ಮೋಳು ಕೇಳಿದ್ಲು. ನಂಗೂ ಗೊತ್ತಿಲ್ಲ. ಓದ್ದೋರೆಲ್ಲ ನಗ್ತಿದ್ರು. ಯಾಕ್ ನಗ್ತಾರೋ ಗೊತ್ತಾಗ್ಲಿಲ್ಲ. ಬೇರೆಯೋರ ಕೈಲಿ ಓದ್ಸಾಕೆ ನಾಚ್ಕೆ ಆಯ್ತು. ಬರ್ದೋರು ನೀವೇ ಅಲ್ವಾ, ಒಂದ್ಸಲ ಓದಿ ಹೇಳಿ.”

ಕಟ್ಟಿನಿಂದ ಒಂದು ಕಾರ್ಡು ಎಳೆದುಕೊಂಡೆ. ಅಕ್ಷರಗಳು ಎದುರಿಗಿದ್ದವು. ಅವುಗಳ ಮೇಲೆ ಕಣ್ಣಿಟ್ಟುಕೊಂಡೇ, ಅಲ್ಲಿ ಇಲ್ಲದ್ದನ್ನು ಓದಲು ಶುರು ಮಾಡಿದೆ. ವೈಶಾಖದಲ್ಲಿ ಅವನು ಹೇಳುತ್ತಿದ್ದಾಗ ನಾನು ಹ್ಞೂಂ ಎಂದದ್ದೆಲ್ಲ ಎಲ್ಲೋ ಕಿವಿಯಲ್ಲಿ ಉಳಿದಿತ್ತು. ನನ್ನ ಒಬ್ಬಳೇ ಮಗಳು ಸರೋಜ, ಆರು ವರ್ಷ, ಎಂದು ಓದಿದೆ. ನಾಲ್ಕು ಹೆಜ್ಜೆ ನಡೆದರೆ ತುಟಿ ನೀಲಿಯಾಗಿ ಕುಕ್ಕರುಗಾಲಲ್ಲಿ ಕೂರುತ್ತಾಳೆ, ಯಾಕೆ ಕೂತೆ ಎಂದರೆ ಇರುವೆ ನೋಡುತ್ತಿದ್ದೇನೆ ಎನ್ನುತ್ತಾಳೆ ಎಂದು ಓದಿದೆ. ತೋಟದ ದಾರಿಯಲ್ಲಿ ಬರುವ ಜೀಪುಗಳನ್ನು ಹಾರನ್ನಿನಿಂದಲೇ ಗುರುತು ಹಿಡಿಯುತ್ತಾಳೆ. ಎದೆಯಲ್ಲಿ ತೂತಿದೆ ಎಂದು ಕೇಳಿದಾಗಿನಿಂದ, ಬೆಂಗಳೂರಿನಲ್ಲಿ ಅದಕ್ಕೆ ಗುಂಡಿ ಹೊಲಿಯುತ್ತಾರೆಯೇ, ಕೆಂಪು ಗುಂಡಿ ಸಿಗುತ್ತದೆಯೇ ಎಂದು ಕೇಳುತ್ತಾಳೆ. ತಾವು ಕೊಟ್ಟದ್ದರಿಂದ ಅವಳು ಶಾಲೆಯವರೆಗೆ ನಿಲ್ಲದೆ ನಡೆಯುತ್ತಾಳೆ, ಅಷ್ಟೇ ನನಗೆ ಬೇಕಾದದ್ದು, ಎಂದು ಓದಿ ಮುಗಿಸಿದೆ.

ನಿಂಗಯ್ಯ ಗೋಡೆಗೆ ಒರಗಿ ಕೇಳಿದ. ಮುಗಿದ ಮೇಲೆ ಕೊಪ್ಪೆಯ ಅಂಚಿನಿಂದ ಮುಖ ಒರೆಸಿಕೊಂಡ.

“ಇಷ್ಟ್ ಚೆನ್ನಾಗ್ ಬರ್ದಿದ್ರಾ ಸ್ವಾಮಿ” ಎಂದ. “ನಾನ್ ಹೇಳಿದ್ದು ಒಂದೂ ಬಿಟ್ಟಿಲ್ಲ. ಇದ್ನ ಓದಿಯೂ ನಕ್ರು ಅಂದ್ರೆ ಅವ್ರು ಮನುಸ್ರಲ್ಲ ಬಿಡಿ.”

“ಹೌದು ನಿಂಗಯ್ಯ” ಎಂದೆ. “ಜನ ಹಂಗೇ.”

ಅವನು ತಲೆಯಾಡಿಸಿದ. ನನ್ನ ಕೈಯಲ್ಲಿದ್ದ ಕಾರ್ಡನ್ನು ಮೆಲ್ಲಗೆ ತೆಗೆದುಕೊಂಡ.

“ಇದೊಂದ್ನ ತಗೊಂಡೋಯ್ತೀನಿ. ಇನ್ನೇನ್ ನಾಚ್ಕೆ, ಯಾರ ಕೈಲಾದ್ರೂ ಓದಿಸ್ಬೌದು. ನಮ್ಮೋಳ ತಮ್ಮ ಏಳ್ನೇ ಕ್ಲಾಸ್ ಓದವ್ನೆ, ಗೌರಿ ಹಬ್ಬಕ್ಕೆ ಬತ್ತಾನೆ. ಅವ್ನ ಕೈಲಿ ಓದಿಸಿ ಅವ್ಳಿಗೂ ಕೇಳಿಸ್ತೀನಿ.”

ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ನಿಜವಾದ ಕಾರಣ ಒಂದೇ. ಅವನು ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡು, ಎರಡೂ ಕೈ ಎತ್ತಿ ನನಗೆ ಮುಗಿದು, ಮಳೆಗೆ ಇಳಿದ. ಅವನು ಹತ್ತಬೇಕಾದ ಬೇಲೂರಿನ ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯೂ ನಾನು ಕುರ್ಚಿಯಿಂದ ಏಳಲಿಲ್ಲ.